ಹಲಗೆಯ ಮೇಲಿನ ನಾಲ್ಕನೇ ಸುದ್ದಿ

ಮೊಮ್ಮಕ್ಕಳೇ, ನಾನು ಚಿಕ್ಕವಳಿದ್ದಾಗ ನಮ್ಮೂರಿನ ಸುದ್ದಿಯೆಲ್ಲ ಪುರಸಭೆಯ ಗೋಡೆಗೆ ಹಾಕಿದ್ದ ಒಂದು ಕಪ್ಪು ಹಲಗೆಯ ಮೇಲೆ ಸಿಗುತ್ತಿತ್ತು. ಭದ್ರಾವತಿ ಹತ್ತಿರದ ಸಣ್ಣ ಊರು ಅದು. ಹೆಸರು ಹೇಳುವುದಿಲ್ಲ, ಈ ಕಥೆಯಲ್ಲಿ ಬರುವ ಪುರಸಭೆ ಮೆಂಬರರ ಮನೆಯವರು ಇನ್ನೂ ಅಲ್ಲೇ ಇದ್ದಾರೆ. ನಲ್ಲಿ ನೀರು ಎಷ್ಟು ಗಂಟೆಗೆ, ಸಿಡುಬಿನ ಚುಚ್ಚುಮದ್ದು ಯಾವ ದಿನ, ದೊಡ್ಡಿಗೆ ಹೊಡೆದ ದನ ಯಾರದು, ಎಲ್ಲ ಅಲ್ಲಿ ಸೀಮೆಸುಣ್ಣದಲ್ಲಿ ಬರೆದಿರುತ್ತಿತ್ತು. ಓದಲು ಬಾರದವರು ಪಕ್ಕದವರಿಂದ ಓದಿಸಿಕೊಳ್ಳುತ್ತಿದ್ದರು. ಹಲಗೆ ಹೇಳಿದ್ದನ್ನು ಊರು ಹಾಗೇ ನಂಬುತ್ತಿತ್ತು.

ಅದನ್ನು ಬರೆಯುವ ಕೆಲಸ ಪುರಸಭೆಯ ಜವಾನರಾಗಿದ್ದ ನಮ್ಮ ಅಪ್ಪನದು. ಅವರ ಅಕ್ಷರ ಕೋಳಿ ಕೆದರಿದಂತಿತ್ತು. ಹಾಗಾಗಿ ಶಾಲೆಗೆ ಹೋಗುವಾಗ ನಾನೇ ಆಫೀಸಿನ ಚೀಟಿ ನೋಡಿ ಬರೆದು ಹೋಗುತ್ತಿದ್ದೆ. ಒದ್ದೆ ಬಟ್ಟೆಯಲ್ಲಿ ಒರೆಸಿದ ಹಲಗೆಯ ವಾಸನೆ, ಬೆರಳ ಸಂದಿಯ ಬಿಳಿ ಪುಡಿ ಈಗಲೂ ನೆನಪಿದೆ.

ಆ ಬೇಸಿಗೆಯಲ್ಲಿ ಮೆಂಬರು ನಮ್ಮ ಬೀದಿಗಿದ್ದ ಒಂದೇ ನಲ್ಲಿಯನ್ನು ಕೀಳಿಸಿ ತಮ್ಮ ಕಾಂಪೌಂಡಿನೊಳಗೆ ಹಾಕಿಸಿಕೊಂಡರು. ಅಕ್ಕ ತಾಮ್ರದ ಕೊಡ ಹಿಡಿದು ಅಲ್ಲಿಗೇ ಹೋದಳು. ಅವರು ತುಂಬಿದ ಕೊಡವನ್ನು ಒದ್ದು ಉರುಳಿಸಿದರು.

“ಜವಾನನ ಮಗಳಿಗೆ ಇಷ್ಟು ಸೊಕ್ಕಾ? ಚರಂಡಿ ನೀರು ಕುಡೀರಿ, ಹೋಗಿ.”

ಅಕ್ಕ ಜಾರಿ ಬಿದ್ದು ಮೊಣಕಾಲು ತರಚಿಕೊಂಡು, ಒದ್ದೆ ಲಂಗದಲ್ಲಿ ಮನೆಗೆ ಬಂದಳು. ಅಳಲಿಲ್ಲ. ಮೂಲೆಯಲ್ಲಿ ಕೂತು ಗೋಡೆ ನೋಡುತ್ತಿದ್ದಳು. ನಾನು ಹೋಗಿ ಕೇಳುತ್ತೇನೆಂದು ಎದ್ದೆ. ಅಪ್ಪ ಕೈ ಹಿಡಿದು, “ಸುಮ್ನಿರು ಮಾರಾಯ್ತಿ, ನನ್ ಕೆಲ್ಸ ಅವ್ರ ಕೈಲಿದೆ” ಎಂದರು.

ಸುಮ್ಮನಾದೆ. ಆದರೆ ಅನ್ನ ಸೇರಲಿಲ್ಲ. ಆ ಮನುಷ್ಯ ಊರೆದುರು ತಲೆ ತಗ್ಗಿಸಬೇಕು, ನಾನದನ್ನು ಕಣ್ಣಾರೆ ನೋಡಬೇಕು. ಒಂದು ವಾರ ಇದನ್ನೇ ಯೋಚಿಸಿದೆ.

ಒಂದು ಬೆಳಿಗ್ಗೆ ಚೀಟಿಯಲ್ಲಿ ಮೂರು ಸುದ್ದಿಗಳಿದ್ದವು. ಮೂರನೆಯದು, ಅಂದು ಶಿವಮೊಗ್ಗದಿಂದ ಸಾಹೇಬರೊಬ್ಬರು ತನಿಖೆಗೆ ಬರುತ್ತಾರೆಂಬುದು. ಅವರ ಊಟ ಮೆಂಬರರ ಮನೆಯಲ್ಲಿ ಎಂದು ಅಪ್ಪ ಹೇಳಿದ್ದರು. ಮೂರನ್ನೂ ಬರೆದೆ. ಕೆಳಗೆ ಅದೇ ದುಂಡು ಅಕ್ಷರದಲ್ಲಿ ನಾಲ್ಕನೆಯದನ್ನೂ ಬರೆದೆ: ‘ನಮ್ಮ ಬೀದಿಯ ಸಾರ್ವಜನಿಕ ನಲ್ಲಿ ಈಗ ಮೆಂಬರರ ಮನೆಯಂಗಳದಲ್ಲಿದೆ. ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲರೂ ಕೊಡ ತೆಗೆದುಕೊಂಡು ಅಲ್ಲಿಗೇ ಬರಬೇಕು.’

ಶಾಲೆಗೆ ಹೋಗಲಿಲ್ಲ. ಮೆಂಬರರ ಮನೆಯೆದುರಿನ ದರ್ಜಿ ಅಂಗಡಿಯ ಜಗಲಿಯಲ್ಲಿ ಕೂತೆ.

ಹನ್ನೆರಡಾಗುವಷ್ಟರಲ್ಲಿ ಹಿತ್ತಾಳೆ, ಅಲ್ಯುಮಿನಿಯಂ, ಮಣ್ಣಿನ ಕೊಡಗಳನ್ನು ಹೊತ್ತ ಹೆಂಗಸರಿಂದ ಆ ಅಂಗಳ ತುಂಬಿತು. ಒಳಗೆ ಸಾಹೇಬರು ಎಲೆಯ ಮುಂದೆ ಕೂತಿದ್ದರು. ಮೆಂಬರು ಪಾಯಸದ ಕೈಯಲ್ಲೇ ಓಡಿ ಬಂದರು.

“ಯಾರು ಕರೆದಿದ್ದು ನಿಮ್ಮನ್ನ?”

“ಬೋರ್ಡಲ್ಲಿ ಬರ್ದೈತಲ್ಲ ಸ್ವಾಮಿ” ಎಂದಳು ಒಬ್ಬ ಮುದುಕಿ. “ನೀವೇ ದೊಡ್ ಮನ್ಸು ಮಾಡಿದ್ರಿ ಅಂದ್ಕೊಂಡ್ವಿ.”

ಗದ್ದಲ ಕೇಳಿ ಸಾಹೇಬರೂ ಹೊರಗೆ ಬಂದರು. ನಲ್ಲಿಯನ್ನು ನೋಡಿದರು. “ಇದು ಬೀದಿ ನಲ್ಲೀನಾ?” ಎಂದರು. ಮೆಂಬರು ನಲ್ಲಿಗೆ ಅಡ್ಡ ನಿಂತು ಪಾಯಸದ ಕೈಯನ್ನು ಪಂಚೆಗೆ ಒರೆಸಿಕೊಂಡರು. ಅಷ್ಟರಲ್ಲಿ ಅಕ್ಕ ಎಲ್ಲರನ್ನೂ ದಾಟಿ ಮುಂದೆ ಬಂದು, ತಗ್ಗು ಬಿದ್ದ ಕೊಡವನ್ನು ನಲ್ಲಿಯ ಕೆಳಗಿಟ್ಟು, “ಸ್ವಲ್ಪ ಸರೀರಿ” ಎಂದಳು. ಮೆಂಬರು ಸರಿದರು. ಬೆವರಿದ ಆ ಮುಖ ನೋಡುತ್ತ ನಾನು ಬಾಯಲ್ಲಿ ಬೆಲ್ಲ ಇಟ್ಟುಕೊಂಡವಳಂತೆ ಕೂತಿದ್ದೆ.

ನಾಲ್ಕೇ ದಿನದಲ್ಲಿ ನಲ್ಲಿ ಬೀದಿಗೆ ವಾಪಸ್ಸು ಬಂತು. ಆಮೇಲೆ ಮೆಂಬರು ಆ ದಾರಿಯಲ್ಲಿ ಬಂದಾಗೆಲ್ಲ ಹೆಂಗಸರು, “ನೀರು ಬೇಕಾ ಸ್ವಾಮಿ?” ಎಂದು ಕೇಳುತ್ತಿದ್ದರು. ಅವರು ಬೇರೆ ದಾರಿ ಹಿಡಿದರು.

ಆದರೆ ಅಪ್ಪನ ಕೈಯಿಂದ ಹಲಗೆ ಹೋಯಿತು. ಆ ಮಳೆಗಾಲವೆಲ್ಲ ಅವರನ್ನು ಚರಂಡಿ ಕೆಲಸಕ್ಕೆ ಹಾಕಿದರು. ಸಂಜೆ ಅವರ ಕಾಲಿಗೆ ನೀರು ಹುಯ್ಯುವಾಗ ನನಗೆ ತಲೆಯೆತ್ತಲಾಗುತ್ತಿರಲಿಲ್ಲ. ಒಂದು ದಿನ ಅವರೇ ಮೆಲ್ಲಗೆ, “ಅಕ್ಷರ ಚೆನ್ನಾಗಿತ್ತು ಕಣೇ” ಎಂದರು. ಅಪ್ಪನ ಬಗ್ಗೆ ಇಂದಿಗೂ ನೋವಿದೆ. ಮೆಂಬರರ ಬಗ್ಗೆ ಅಂದೂ ಇರಲಿಲ್ಲ, ಇಂದೂ ಇಲ್ಲ.

ಈಗ ಶಿವಮೊಗ್ಗದ ರವೀಂದ್ರನಗರದ ನಮ್ಮ ಮನೆಯಲ್ಲಿ ನೀರು ನಿಂತರೆ ನಿಮ್ಮಮ್ಮ ಮೊಬೈಲಿನಲ್ಲಿ ದೂರು ಕೊಡುತ್ತಾಳೆ. ಒಂದು ನಂಬರ್ ಬರುತ್ತದೆ, ಯಾರೋ ಬಂದು ಸರಿಮಾಡಿ ಹೋಗುತ್ತಾರೆ. ನೀವು ವಾರ್ಡಿನ ವಾಟ್ಸಾಪ್ ಗ್ರೂಪಿಗೆ ಸಿಟ್ಟಿನ ಕೆಂಪು ಮುಖದ ಚಿತ್ರ ಕಳಿಸಿ ಆಟಕ್ಕೆ ಓಡುತ್ತೀರಿ. ಒಳ್ಳೆಯದೇ ಮಕ್ಕಳೇ, ನಿಮ್ಮ ಅಕ್ಕಂದಿರು ಯಾರ ಅಂಗಳದಲ್ಲೂ ಬೀಳಬೇಕಿಲ್ಲ. ಆದರೆ ತಪ್ಪು ಮಾಡಿದವನು ಎದುರಿಗೇ ನಿಂತು ದಾರಿ ಬಿಡುವುದನ್ನು ನೋಡುವ ಸುಖ ನಿಮಗೆ ಗೊತ್ತಿಲ್ಲ. ನನಗೆ ಗೊತ್ತು.