ಶನಿವಾರದ ಒಂದು ಗಂಟೆ

ಮೊನ್ನೆ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಹೋಗುವಾಗ ರಸ್ತೆ ಪಕ್ಕದ ಹೊಲದಲ್ಲಿ ಯಾರೋ ಅರಿಶಿನ ಬೇಯಿಸುತ್ತಿದ್ದರು. ಕೊಪ್ಪರಿಗೆಯ ಹಬೆ ಕಿಟಕಿಯಿಂದ ಒಳಗೆ ಬಂತು. ಹೊಗೆ, ಹಸಿಮಣ್ಣು, ಅರಿಶಿನ ಎಲ್ಲ ಕಲೆತ ಆ ಘಾಟಿಗೆ ಕಣ್ಣು ತಾನಾಗಿ ಮುಚ್ಚಿತು. ಮುಚ್ಚಿದ ಕಣ್ಣೊಳಗೆ ಉಮ್ಮತ್ತೂರಿನ ಶಾಲೆಯ ಜಗಲಿ, ಹೊಂಗೆಯ ನೆರಳು, ಮಂಡಿ ಮೇಲೆ ಹಳದಿ ಕೈಗಳನ್ನಿಟ್ಟುಕೊಂಡು ಕೂತ ಆ ಮನುಷ್ಯ...

ನಾನು ಅಲ್ಲಿ ಮೂರನೇ ತರಗತಿಯ ಮೇಡಂ ಆಗಿದ್ದೆ. ಆತ ನನ್ನ ತರಗತಿಯ ಹುಡುಗಿಯೊಬ್ಬಳ ತಂದೆ. ಗಂಡ ಹೆಂಡತಿ ಬೇರೆಯಾಗಿ, ಮಗು ತಾಯಿಯ ಸುಪರ್ದಿಗೆ ಹೋಗಿತ್ತು. ತಂದೆ ತಿಂಗಳಲ್ಲಿ ಎರಡು ಶನಿವಾರ, ಶಾಲೆ ಬಿಟ್ಟ ಮೇಲೆ ಒಂದು ಗಂಟೆ, ಶಿಕ್ಷಕರ ಕಣ್ಣೆದುರಿಗೆ ಮಗಳನ್ನು ನೋಡಬಹುದು ಎಂದು ಕೋರ್ಟಿನ ಆದೇಶ. ಆ ಶಿಕ್ಷಕಿ ನಾನೇ. ನನಗೋ ಬಸ್ಸು ತಪ್ಪುತ್ತಿತ್ತು. ಮೊದಮೊದಲು ಮುಖ ಸಿಂಡರಿಸಿಕೊಂಡೇ ಕೂತಿರುತ್ತಿದ್ದೆ. ಶಾಲೆಯಲ್ಲಿ ನಾವೆಲ್ಲ ಆತನನ್ನು ಶನಿವಾರದಪ್ಪ ಎನ್ನುತ್ತಿದ್ದೆವು.

ತೆರಕಣಾಂಬಿಯಲ್ಲಿ ಅರಿಶಿನ ಬೇಯಿಸುವ ಕೆಲಸ, ಅಲ್ಲಿಂದ ಎರಡು ಬಸ್ಸು ಹತ್ತಿ ಬರುತ್ತಿದ್ದ. ಒಂದು ಸಲವೂ ತಡವಾಗಲಿಲ್ಲ. ಮೊದಲ ಶನಿವಾರ ಮಗಳು ನನ್ನ ಸೆರಗು ಬಿಡಲಿಲ್ಲ. ಆತ ಹತ್ತಿರ ಕರೆಯಲೂ ಇಲ್ಲ. ಪಾಠ ಓದವ್ವ, ಕೇಳ್ತೀನಿ ಅಂದ, ಅಷ್ಟೇ. ಅವಳು ನನ್ನ ಹಿಂದೆ ನಿಂತೇ ಓದಿದಳು. ಎರಡು ತಿಂಗಳಲ್ಲಿ ಅವನ ಪಕ್ಕಕ್ಕೆ ಬಂದು ಕೂತಳು. ಮಧ್ಯಾಹ್ನದ ಬಿಸಿಲು, ಅವಳ ರಾಗದ ಓದು, ಅವನ ಅಂಗಿಯ ಅರಿಶಿನದ ವಾಸನೆ... ನಾನು ಕುರ್ಚಿಯಲ್ಲೇ ತೂಕಡಿಸುತ್ತಿದ್ದೆ. ಕಣ್ಣು ಬಿಟ್ಟರೆ ಇಬ್ಬರೂ ಎಷ್ಟೋ ವರ್ಷದಿಂದ ಅಲ್ಲೇ ಕೂತಿರುವವರಂತೆ ಕಾಣುತ್ತಿದ್ದರು.

"ಅಪ್ಪಾ, ನಿನ್ ಕೈ ತೊಳುದ್ರೂ ಓಗಲ್ವಾ?"

"ಯುಗಾದಿ ಒತ್ಗೆ ಓಯ್ತದೆ ಕಣಮ್ಮಿ."

ಗಂಟೆ ಮುಗಿಯುತ್ತಲೇ ತಾನೇ ಎದ್ದು ನಿಲ್ಲುತ್ತಿದ್ದ. ಇನ್ನೈದು ನಿಮಿಷ ಕೂತ್ಕೊಳ್ಳಿ ಎಂದು ಒಮ್ಮೆ ನಾನೇ ಹೇಳಿದೆ.

"ಬ್ಯಾಡಿ ಮೇಡಮ್ನೋರೆ. ಜಾಸ್ತಿ ಕೂತ ಅಂತ ಯಾರಾದ್ರೂ ಏಳ್ಬುಟ್ರೆ, ಇರೋ ಗಂಟೇನೂ ಕಿತ್ಕಬುಡ್ತಾರೆ."

ಬೇಸಿಗೆ ರಜೆಯಲ್ಲಿ ಹದಿನೈದು ದಿನ ಮಗಳನ್ನು ತನ್ನ ಮನೆಗೆ ಕಳಿಸಬೇಕೆಂದು ಆತ ಅರ್ಜಿ ಹಾಕಿದ್ದ. ಅವಳು ಬರುತ್ತಾಳೆಂದು ಬಚ್ಚಲಿಗೆ ಬಾಗಿಲು ಹಾಕಿಸಿದ್ದನಂತೆ, ತಂಗಿಯ ಮನೆಯಲ್ಲಿದ್ದ ತಾಯಿಯನ್ನು ಕರೆತಂದಿದ್ದನಂತೆ. ಒಂದು ಶನಿವಾರ ನನ್ನ ಮುಂದೆ ನಿಂತು ಕೇಳಿದ.

"ಟೈಮಿಗೆ ಬತ್ತಾನೆ, ಮಗಳು ಎದ್ರದೆ ಅವ್ನತ್ರ ಕೂತ್ಕತಾಳೆ ಅಂತ ಎರಡು ಗೆರೆ ಬರ್ಕೊಡಿ ಮೇಡಮ್ನೋರೆ. ಲಾಯರು ಏಳವ್ರೆ."

ಬರೆದುಕೊಡುತ್ತೇನೆ ಎಂದೆ. ಬರೆಯಲಿಲ್ಲ. ಆ ತಾಯಿಯೂ ಕೆಟ್ಟವಳಲ್ಲ, ಅವರಿಬ್ಬರ ನಡುವೆ ಏನು ನಡೆದಿತ್ತೋ ನನಗೇನು ಗೊತ್ತು. ಅವಳ ಅಣ್ಣಂದಿರು ಊರಿನಲ್ಲಿ ದೊಡ್ಡ ಕುಳ. ನನಗೇಕೆ ಊರ ಉಸಾಬರಿ ಅಂದುಕೊಂಡೆ. ಮುಂದಿನ ಸಲ ಬಂದಾಗ ಹೆಡ್ಮಾಸ್ಟರನ್ನು ಕೇಳಬೇಕು ಎಂದೆ. ಕೇಳಲೇ ಇಲ್ಲ. ಆತ ಮತ್ತೆ ಆ ಮಾತು ಎತ್ತಲಿಲ್ಲ. ಮಗು ತಂದೆಗೆ ಹೊಂದಿಕೊಂಡಿದೆ ಎನ್ನಲು ಆಧಾರವಿಲ್ಲ ಎಂದು ಅರ್ಜಿ ಬಿದ್ದುಹೋಯಿತಂತೆ. ಏಪ್ರಿಲ್, ಮೇ ಎರಡೂ ತಿಂಗಳು ಶಾಲೆಗೆ ಬೀಗ. ಅವನ ಶನಿವಾರಗಳಿಗೂ ಬೀಗ.

ಜೂನಿನಲ್ಲಿ ಶಾಲೆ ತೆರೆದ ದಿನವೇ ತಾಯಿ ಮಗಳ ಟಿ.ಸಿ. ತೆಗೆದುಕೊಂಡು ಮೈಸೂರಿಗೆ ಹೊರಟಳು. ಆತನಿಗೆ ಯಾರೂ ತಿಳಿಸಿರಲಿಲ್ಲ. ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು ಶನಿವಾರ ಬಂದ. ನಾನೇ ಹೇಳಬೇಕಾಯಿತು. ಯಾವ ಸ್ಕೂಲು ಅಂತ ಕೇಳಿದ. ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

"ನಿಮ್ಗೆ ಬಸ್ಸಿಗೆ ಒತ್ತಾಯ್ತದೆ, ನೀವು ಓಗಿ" ಎಂದವನು ಜಗಲಿಯಲ್ಲಿ ಕೂತ. ನಾನು ಹೋಗಲಿಲ್ಲ. ಎದುರಿಗೆ ಕುರ್ಚಿ ಹಾಕಿಕೊಂಡು ಕೂತೆ. ಒಂದು ಅಳಿಲು ಜಗಲಿಯ ತುದಿಯವರೆಗೆ ಬಂದು ಹೋಯಿತು. ಗಂಟೆ ಮುಗಿದಾಗ ಎದ್ದು, ಪಂಚೆ ಕೊಡವಿ, ನನಗೆ ಕೈಮುಗಿದು ಹೊರಟುಹೋದ. ಮತ್ತೆ ಬರಲಿಲ್ಲ.

ಬಸ್ಸು ತೆರಕಣಾಂಬಿಯಲ್ಲಿ ನಿಂತಿತು. ಇಳಿದು ವಿಚಾರಿಸೋಣ ಎನ್ನಿಸಿತು. ಇಳಿದು ಏನು ಹೇಳಲಿ? ಆ ಹುಡುಗಿಗೆ ಈಗ ಹದಿನೆಂಟು ದಾಟಿದೆ, ಅವಳ ರಜೆಯನ್ನು ಇನ್ನು ಯಾವ ಕೋರ್ಟೂ ಪಾಲು ಮಾಡಬೇಕಾಗಿಲ್ಲ. ನನ್ನ ಎರಡು ಗೆರೆ ಅವನಿಗೆ ಬೇಕಾಗಿದ್ದದ್ದು ಆ ಒಂದು ಬೇಸಿಗೆಗೆ. ಅದನ್ನು ಅವನಿಂದ ಕಿತ್ತುಕೊಂಡವರಲ್ಲಿ ನಾನೂ ಒಬ್ಬಳು.

ಕಂಡಕ್ಟರ್ ಸೀಟಿ ಊದಿದ. ನಾನು ಇಳಿಯಲಿಲ್ಲ.