ಬೆಲ್ಲ ಘನವೋ ದ್ರವವೋ

ಲೋಕದಲ್ಲಿರುವುದನ್ನೆಲ್ಲ ಮೂರೇ ಪೆಟ್ಟಿಗೆಗಳಲ್ಲಿ ತುಂಬಿ ಮುಚ್ಚಳ ಹಾಕುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ನಾನು ವಿಜ್ಞಾನದ ಮೇಷ್ಟ್ರು. ಘನ, ದ್ರವ, ಅನಿಲ ಎಂದು ಹಲಗೆಯ ಮೇಲೆ ಗೆರೆ ಎಳೆಯುವಾಗ ನನಗೇ ನಾನು ಸೃಷ್ಟಿಕರ್ತನ ಗುಮಾಸ್ತನಂತೆ ಕಾಣುತ್ತೇನೆ.

ಈ ಚಾಳಿ ಶಾಲೆ ಬಿಟ್ಟ ಮೇಲೂ ಬಿಡುವುದಿಲ್ಲ. ಬಂದಳಿಕೆಯ ಶಾಸನದ ಕಲ್ಲು ಘನ, ಸರಿ. ಚುನಾವಣೆಯ ಭಾಷಣ ಅನಿಲ, ಅದೂ ಸರಿ. ಸೊರಬದಿಂದ ಜಡೆ ಊರಿಗೆ ಹೋಗುವ ಬಸ್ಸಿನೊಳಗಿನ ಜನ ಮಾತ್ರ ಅಪ್ಪಟ ದ್ರವ, ಪಾತ್ರೆಯ ಆಕಾರವನ್ನೇ ತಾಳುತ್ತಾರೆ. ಕಂಡಕ್ಟರು ಅವರನ್ನು ಅನಿಲವೆಂದು ತಿಳಿದು ಇನ್ನಷ್ಟು ಒತ್ತುತ್ತಾನೆ.

ನನ್ನೂರು ಶಿಕಾರಿಪುರ. ಅಲ್ಲಿ ಬೆಲ್ಲವೆಂದರೆ ಅಚ್ಚು, ಕುಟ್ಟಿದರೆ ಮಾತ್ರ ಒಡೆಯುವಂಥದ್ದು. ಸೊರಬದ ಕಡೆಗೆ ವರ್ಗವಾದ ವರ್ಷ ಒಂದು ಕಿರುಪರೀಕ್ಷೆಯಲ್ಲಿ ಉಪ್ಪು, ಹಾಲು, ಬೆಲ್ಲ, ಹಬೆ ಇವನ್ನು ವಿಂಗಡಿಸಿ ಎಂದು ಕೇಳಿದೆ. ನಾಗವೇಣಿ ಎಂಬ ಹುಡುಗಿ ಬೆಲ್ಲದ ಮುಂದೆ ‘ದ್ರವ’ ಎಂದು ಬರೆದಿದ್ದಳು. ಕೆಂಪು ಶಾಯಿಯಲ್ಲಿ ಅಡ್ಡ ಎಳೆದೆ.

“ಸಾರ್, ನಮ್ಮನೇಲಿ ಬೆಲ್ಲನ ಸೌಟಲ್ಲೇ ಬಡ್ಸೋದು” ಎಂದಳು.

“ನಿಮ್ಮನೆ ಸೌಟು ಪಠ್ಯಪುಸ್ತಕದಲ್ಲಿಲ್ಲ, ಕೂತ್ಕೊ” ಎಂದೆ. ತರಗತಿ ನಕ್ಕಿತು. ನನ್ನ ಹಾಸ್ಯಪ್ರಜ್ಞೆಗೆ ನಾನೇ ತಲೆದೂಗಿದೆ.

ಅಂದಿನಿಂದ ನಾಗವೇಣಿ ಕೈ ಎತ್ತುವುದನ್ನು ಬಿಟ್ಟಳು. ಮೊದಲು ಪ್ರಶ್ನೆ ಮುಗಿಯುವ ಮುಂಚೆಯೇ ಕೈ ಎತ್ತುತ್ತಿದ್ದವಳು, ಈಗ ಕೇಳಿದರೆ ಪುಸ್ತಕದ ಸಾಲನ್ನು ಒಪ್ಪಿಸಿ ಕೂರುತ್ತಿದ್ದಳು. ಕಣ್ಣಿಂದ ಕಂಡದ್ದನ್ನು ಹೇಳುವ ಒಂದೇ ಒಂದು ಮಗುವಿನ ಬಾಯಿ ಮುಚ್ಚಿಸಿದ್ದೆ. ವಿಜ್ಞಾನದ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಸಾಧನೆ ಇನ್ನೇನು ಬೇಕು! ಒಳಗೆಲ್ಲೋ ಚುಚ್ಚುತ್ತಿತ್ತು.

ವಾರ ಕಳೆದು ಹೆಂಡತಿಯ ಹತ್ತಿರ ಬಾಯಿಬಿಟ್ಟೆ. ಅವಳು ದೋಸೆ ಹುಯ್ಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

“ಅಲ್ರೀ, ದಿನಾ ಬೆಳಿಗ್ಗೆ ದೋಸೆ ಮ್ಯಾಲೆ ಸುರುವಿಕೊಳ್ಳೋದು ಏನು, ಇಟ್ಟಿಗೇನಾ?”

ಸುರುವಿಕೊಳ್ಳುತ್ತಿದ್ದದ್ದು ಈ ಸೀಮೆಯ ಜೋನಿ ಬೆಲ್ಲ, ನೀರಾದ ಬೆಲ್ಲ. ಪರೀಕ್ಷೆಯ ದಿನವೂ ಅದನ್ನೇ ತಿಂದು ಹೋಗಿದ್ದೆ. ಕೈಗೆ ಕೆಂಪು ಪೆನ್ನು ಬಂದ ಕೂಡಲೇ ನಾಲಿಗೆಗೆ ಮರೆವು ಬರುತ್ತದೆ.

ವಸ್ತುವನ್ನು ಕೆಡಿಸದೆ ತಿಳಿಯಬಹುದಾದದ್ದು ಭೌತಗುಣ, ಅದು ಬೇರೆಯೇ ಆದಾಗ ತಿಳಿಯುವುದು ರಾಸಾಯನಿಕ ಗುಣ ಎಂದು ವರ್ಷವರ್ಷವೂ ಪಾಠ ಮಾಡುತ್ತೇನೆ. ನನ್ನ ಬೋಳುತಲೆ, ಹೊಟ್ಟೆಯ ಸುತ್ತಳತೆ ಎಲ್ಲರಿಗೂ ಕಾಣುವ ಭೌತಗುಣಗಳು. ‘ನಿಮ್ಮದು ತಪ್ಪು’ ಎಂದಾಗ ನಾನು ಏನಾಗುತ್ತೇನೆ ಎಂಬುದು ರಾಸಾಯನಿಕ ಗುಣ. ಹೊಗೆ, ಶಾಖ, ಸದ್ದು ಎಲ್ಲ ಬರುತ್ತವೆಂದು ಹೆಂಡತಿಯ ಅನುಭವ. ಆ ದಿನ ಮಾತ್ರ ಸುಮ್ಮನೆ ದೋಸೆ ತಿಂದೆ.

ಮರುದಿನ ಜೋನಿ ಬೆಲ್ಲದ ಡಬ್ಬವನ್ನೇ ಸೌಟಿನ ಸಮೇತ ಹೊತ್ತುಕೊಂಡು ತರಗತಿಗೆ ಹೋದೆ. “ತಪ್ಪು ನಂದು. ನಾಗವೇಣಿ ಬರೆದದ್ದೇ ಸರಿ” ಎಂದು ಎಲ್ಲರೆದುರು ಹೇಳಿ, ಕಳೆದಿದ್ದ ಒಂದು ಅಂಕವನ್ನು ಸೇರಿಸಿದೆ. ಅವಳು ನಗಲಿಲ್ಲ. ಎದ್ದು ಬಂದು ಡಬ್ಬದೊಳಗೆ ಇಣುಕಿ, ಸೌಟನ್ನು ತಳದವರೆಗೆ ಇಳಿಸಿ ಮೆಲ್ಲಗೆ ಎತ್ತಿದಳು. ಸೌಟಿನ ತುಂಬ ಮರಳಿನಂಥ ಹರಳು.

ತನ್ನ ಜಾಗಕ್ಕೆ ಹೋಗಿ ಕೂತು, ಕೈ ಎತ್ತಿದಳು.

“ಸಾರ್, ತಳದಲ್ಲಿ ಹರಳು ಕಟ್ಟಿದೆ. ನಾನು ಬರ್ದಿದ್ದೂ ಪೂರ್ತಿ ಸರಿ ಅಲ್ಲ. ಅರ್ಧ ಅಂಕ ಸಾಕು.”

ಅಂಕ ಕೂಡಿಸಿ ಎಂದು ಅಂಗಲಾಚಿದವರನ್ನು ಬೇಕಾದಷ್ಟು ಕಂಡಿದ್ದೇನೆ, ಕಳೆಯಿರಿ ಎಂದವರನ್ನು ಕಂಡಿರಲಿಲ್ಲ. ಕೆಂಪು ಪೆನ್ನು ತೆಗೆದು ಅರ್ಧ ಕಳೆದೆ. ಇಷ್ಟು ಸಂತೋಷದಿಂದ ಯಾರ ಅಂಕವನ್ನೂ ನಾನು ಕಳೆದದ್ದಿಲ್ಲ.