ನಮ್ಮ ಮನೆಯ ಪ್ರತಿ

ತಂಗಿ ಅಜ್ಜಂಪುರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಅವಳೂ ಅವಳಂಥ ಕೆಲವರೂ ಸೇರಿ ವರ್ಷಕ್ಕೊಂದು ಕಾಮಿಕ್ಸ್ ಸಂಕಲನ ತರುತ್ತಾರೆ. ಪ್ರಕಾಶಕರು ಅಂತ ಯಾರೂ ಇಲ್ಲ, ಅಂಗಡಿಯಲ್ಲೂ ಸಿಗುವುದಿಲ್ಲ. ತಾವೇ ಕೈಯಿಂದ ದುಡ್ಡು ಹಾಕಿಕೊಂಡು, ತರೀಕೆರೆಯಲ್ಲಿ ಲಗ್ನಪತ್ರಿಕೆ ಮಾಡುವ ಪ್ರೆಸ್ಸಿನಲ್ಲಿ ಅದೇ ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿ, ನಡುವೆ ಎರಡು ಪಿನ್ನು ಹೊಡೆಸುತ್ತಾರೆ. ಕಡೂರಿನ ನನ್ನ ಮೆಡಿಕಲ್ ಸ್ಟೋರಿಗೆ ಒಂದು ಪ್ರತಿ ಬಸ್ಸಿನಲ್ಲಿ ಬರುತ್ತದೆ. ಗಿರಾಕಿ ಇಲ್ಲದಾಗ ಓದುತ್ತೇನೆ.

ಮೊದಮೊದಲು ನನಗೆ ರೇಗುತ್ತಿತ್ತು. ಯಾರೋ ಒಬ್ಬ ಶಿವನಿ ಸ್ಟೇಷನ್ನಿನಲ್ಲಿ ರೈಲು ಕಾಯುವುದನ್ನೇ ಪುಟಗಟ್ಟಲೆ ಚಿತ್ರ ಬರೆದಿದ್ದ. ಕೊನೆಗೂ ರೈಲು ಬರಲಿಲ್ಲ. ಇನ್ನೊಬ್ಬಳು ತನ್ನ ಹಲ್ಲುನೋವನ್ನು ಬರೆದಿದ್ದಳು. ಇದೂ ಒಂದು ಕಥೆಯೇ, ನಮ್ಮ ಕರ್ಮ, ಎಂದು ಫೋನಿನಲ್ಲೇ ತಂಗಿಯನ್ನು ಜಾಡಿಸಿದ್ದೆ. ಆದರೆ ಆ ಹಲ್ಲುನೋವಿನವಳ ಕೆನ್ನೆ ಪುಟದಿಂದ ಪುಟಕ್ಕೆ ಊದುತ್ತಾ ಚೌಕದ ಗೆರೆಯನ್ನೇ ದಾಟಿಬಿಟ್ಟಿತ್ತು. ಹಲ್ಲುನೋವಿನ ಮಾತ್ರೆಗೆ ಯಾರಾದರೂ ಬಂದರೆ ಈಗಲೂ ನಗು ತಡೆಯುವುದು ಕಷ್ಟ. ಪುಸ್ತಕ ತಡವಾದರೆ ನಾನೇ ಬೈದು ತರಿಸಿಕೊಳ್ಳುತ್ತೇನೆ.

ಈ ಸಲದ್ದರಲ್ಲಿ ತಂಗಿ ಅಪ್ಪನ ಕೊನೆಯ ದಿನವನ್ನು ಬರೆದಿದ್ದಳು. ಅಮ್ಮ ಅದನ್ನು ಓದಲೇಬೇಕು ಎಂಬುದು ಅವಳ ಹಠ. ಓದಿ ಏನಂತಾಳೋ ಎಂಬ ಭಯ ಅದಕ್ಕಿಂತ ದೊಡ್ಡದು. ಅದಕ್ಕೇ ತಾನು ಬಾರದೆ, ಅಮ್ಮನ ಜೊತೆಗಿರುವ ನನಗೆ ಆ ಕೆಲಸ ಅಂಟಿಸಿದಳು.

ದಪ್ಪ ಕಾಗದ ಮುಟ್ಟಿದ ಅಮ್ಮ ಲಗ್ನಪತ್ರಿಕೆ ಎಂದುಕೊಂಡು ಮೊದಲು ಮೂಲೆಗಳನ್ನು ನೋಡಿದಳು. ಅರಿಶಿನ ಇರಲಿಲ್ಲ. ಇದು ಅಪ್ಪ ಹೋದ ದಿನದ ಕಥೆ ಎಂದೆ. ಎದ್ದು ಹೋಗಿ ಪುಸ್ತಕವನ್ನು ಜಗಲಿಯ ಮೇಲಿಟ್ಟು ಬಂದಳು. ನಮ್ಮಲ್ಲಿ ತಿಥಿಯ ಕಾರ್ಡನ್ನು ಒಳಗೆ ತರುವುದಿಲ್ಲ, ಹೊರಗೇ ಓದಿ ಹರಿದು ಹಾಕುತ್ತಾರೆ. ತಂಗಿ ದಿನಾ ಫೋನ್ ಮಾಡಿ, ಒಳಗೆ ತಂದಳಾ ಎಂದು ಕೇಳುತ್ತಿದ್ದಳು. ಜಗಲಿ ಮೇಲೇ ಇದೆ ಎನ್ನುತ್ತಿದ್ದೆ.

ಒಂದು ಭಾನುವಾರ ಎದ್ದು ನೋಡಿದರೆ ಜಗಲಿ ಖಾಲಿ. ಹರಿದೇಬಿಟ್ಟಳು ಎಂದು ಅಂಗಳದಲ್ಲೆಲ್ಲ ಚೂರು ಹುಡುಕಿದೆ. ಒಳಗೆ ಬಂದರೆ ಪುಸ್ತಕ ಬೀರುವಿನಲ್ಲಿತ್ತು, ಅವರಿಬ್ಬರ ಮದುವೆ ಫೋಟೋದ ಪಕ್ಕ. ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ್ದಳು. ಬಿಡಿಸಿ ನೋಡಿದರೆ ತಂಗಿಯ ಕಥೆಯ ಒಂದು ಹಾಳೆ ಇರಲಿಲ್ಲ. ಅದನ್ನು ಕಿತ್ತಾಗ ಪಿನ್ನಿನ ಆಚೆಗಿದ್ದ ಜೋಡಿ ಹಾಳೆ, ಯಾರೋ ಬರೆದ ಬೆಕ್ಕಿನ ಕಥೆಯದು, ಸಡಿಲವಾಗಿರಬೇಕು. ಅದನ್ನು ಅನ್ನದ ಅಗುಳು ಹಚ್ಚಿ ನೀಟಾಗಿ ಅಂಟಿಸಿದ್ದಳು.

ಅಪ್ಪ ಸತ್ತ ಪುಟವನ್ನು ಕಿತ್ತಿದ್ದಾಳೆ ಅಂದುಕೊಂಡೆ. ಅದು ಹಾಗೇ ಇತ್ತು. ಹೋಗಿದ್ದು ಅದರ ಹಿಂದಿನ ಹಾಳೆ. ಅದರಲ್ಲಿ ಅಪ್ಪ ಆಸ್ಪತ್ರೆಯ ಮಂಚದ ಮೇಲಿಂದ ಒಂದು ಗುಟುಕು ಕಾಫಿ ಕೇಳುತ್ತಾನೆ. ಡಾಕ್ಟರು ಏನೂ ಕೊಡಬೇಡಿ ಎಂದಿದ್ದರಿಂದ ಅಮ್ಮ ಇಲ್ಲ ಅನ್ನುತ್ತಾಳೆ. ಅವನ ಕಣ್ಣು ಫ್ಲಾಸ್ಕನ್ನು ಬಿಟ್ಟು ಕದಲದಿದ್ದಾಗ, ಕಾಫಿಯನ್ನು ಅವನೆದುರಿಗೇ ಸಿಂಕಿಗೆ ಸುರಿಯುತ್ತಾಳೆ. ಇದೆಲ್ಲ ನಡೆದದ್ದೇ. ತಂಗಿ ಆಗ ಬಾಗಿಲಲ್ಲಿ ನಿಂತಿದ್ದಳು.

ಒಲೆ ಮುಂದಿದ್ದ ಅಮ್ಮ ನನ್ನ ಕಡೆ ತಿರುಗದೆಯೇ ಹೇಳಿದಳು: "ಹೋಗೋರೇ ಆಗಿದ್ರೆ, ಒಂದ್ ಲೋಟ ಕಾಫಿ ಕೊಟ್ಟಿದ್ರೆ ಏನಾಗ್ತಿತ್ತೇ?"

ಮೆಡಿಕಲ್ ಸ್ಟೋರ್ ನಡೆಸುವವಳು ನಾನು. ಡಾಕ್ಟರು ಹೇಳಿದ್ದು ಸರಿ ಎನ್ನಬಹುದಿತ್ತು. ಅಳು ಬಂತು.

ತಂಗಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಪೂರ್ತಿ ಇರುವ ಇನ್ನೊಂದು ಪ್ರತಿ ತಂದುಕೊಡಲಾ ಎಂದಳು.

"ಬ್ಯಾಡ ಕಣೇ," ಅಂದೆ. "ಬಂದು ಇದನ್ನೇ ಒಂದ್ಸಲ ಓದು."

ಮುಂದಿನ ವಾರ ಬಂದು, ಬೀರುವಿನ ಮುಂದೆ ನಿಂತೇ ಓದಿದಳು. ನಾನೂ ಅವಳ ಹೆಗಲ ಮೇಲಿಂದ ಓದಿದೆ. ಅಮ್ಮ ಅಪ್ಪನಿಗೆಂದೇ ಫ್ಲಾಸ್ಕಿನ ತುಂಬ ಕಾಫಿ ಹಿಡಿದು ಆಸ್ಪತ್ರೆಗೆ ಬಸ್ಸು ಹತ್ತುತ್ತಾಳೆ. ಎದುರಿನ ಪುಟದಲ್ಲೇ ಅಪ್ಪ ಕಣ್ಣು ಮುಚ್ಚಿ ಮಲಗಿದ್ದಾನೆ, ಪಕ್ಕದ ಮೇಜಿನ ಮೇಲೆ ಫ್ಲಾಸ್ಕು ಖಾಲಿ ಬಿದ್ದಿದೆ. ನಮ್ಮ ಮನೆಯ ಪ್ರತಿಯಲ್ಲಿ ಅಪ್ಪ ಕಾಫಿ ಕುಡಿದೇ ಹೋಗಿದ್ದಾನೆ.